ಒಂದು ಊರಿಗೆ ಒಂದೇ ಚಿತ್ರ

ಅವರು ಯಾರ ಕೈಯಿಂದಲೂ ಒಂದು ಲೋಟ ಟೀ ಕೂಡ ಕುಡಿದವರಲ್ಲ ಎಂದು ಬೀಳ್ಕೊಡುಗೆಯ ದಿನ ಮಾತಾಡಿದವರೆಲ್ಲ ಹೇಳಿದರು. ನಿಜ. ಅವರ ಮೇಲೆ ನನಗಿದ್ದ ಮೊದಲ ಸಿಟ್ಟೇ ಅದು. ಲಂಚ ತಿನ್ನುವವನಿಗೆ ಒಂದು ರೇಟಾದರೂ ಇರುತ್ತದೆ. ಬೈದುಕೊಂಡು ಕೊಟ್ಟು, ಕೆಲಸ ಮುಗಿಸಿಕೊಂಡು ಬಸ್ಸು ಹತ್ತಬಹುದು. ಇವರಿಗೆ ರೇಟೇ ಇರಲಿಲ್ಲ. ಇವರಿಗೆ ಬೇಕಾಗಿದ್ದದ್ದು ಜನ ಎದುರಿಗೆ ಬಂದು ನಿಂತು ಕೇಳುವುದು, ಕೇಳಿ ಹೋದವರು ಮತ್ತೆ ಬಂದು ಕೇಳುವುದು, ಅಷ್ಟೇ. ಆ ಹಸಿವಿಗೆ ಕೊನೆ ಎಂಬುದಿರಲಿಲ್ಲ.

ಸಮಾರಂಭ ಗುಂಡ್ಲುಪೇಟೆಯ ಒಂದು ಹೋಟೆಲಿನ ಮೇಲ್ಮಹಡಿಯಲ್ಲಿ ನಡೆಯಿತು. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಇತ್ತು. ನೀನೂ ಎರಡು ಮಾತಾಡು ಎಂದು ನನ್ನನ್ನು ಕರೆದರು. ಗಂಟಲು ಕಟ್ಟಿದೆ ಎಂದು ಕುಳಿತುಬಿಟ್ಟೆ. ನನ್ನ ಗಂಟಲು ಚೆನ್ನಾಗಿಯೇ ಇತ್ತು. ಅಲ್ಲಿ ಮೈಕ್ ಹಿಡಿದಿದ್ದರೆ ಏನು ಹೇಳುತ್ತಿದ್ದೆನೋ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಆಫೀಸಿನಲ್ಲಿ ಎಲ್ಲರೂ ಕರೆಯುತ್ತಿದ್ದಂತೆ ಸಾಹೇಬರು ಎನ್ನುತ್ತೇನೆ. ಬಹುವಚನ ನಾಲಿಗೆಗೆ ರೂಢಿಯಾಗಿರುವುದರಿಂದ ಬರುತ್ತದೆ, ಗೌರವ ಎಂದು ತಿಳಿಯಬೇಡಿ.

ನಮ್ಮದು ಖಾಸಗಿ ಸಂಸ್ಥೆ. ಚಾಮರಾಜನಗರದಲ್ಲಿ ಒಂದು ಮನೆಯ ಮೇಲಂತಸ್ತು ಆಫೀಸು. ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿಯ ಮೇಲೊಂದು ಕೋಣೆ. ಊರುಗಳ ಮೇಲೆ ಡ್ರೋನ್ ಹಾರಿಸಿ, ಅದು ತೆಗೆದ ಸಾವಿರಾರು ಫೋಟೋಗಳನ್ನು ಅಂಚಿಗೆ ಅಂಚು ಕೂಡಿಸಿ, ಇಡೀ ಊರಿನದೊಂದು ಚಿತ್ರ ಮಾಡುವುದು ನಮ್ಮ ಕೆಲಸ. ಆ ಚಿತ್ರದಲ್ಲಿ ಬದು ಕಾಣುತ್ತದೆ, ಕಾಲುದಾರಿ ಕಾಣುತ್ತದೆ, ಅಂಗಳದಲ್ಲಿ ಒಣಹಾಕಿದ ಸೀರೆಯ ಅಂಚು ಕೂಡ ಕಾಣುತ್ತದೆ. ಅಷ್ಟು ದೊಡ್ಡ ಚಿತ್ರವನ್ನು ವಾಟ್ಸಾಪಿನಲ್ಲಿ ಕಳಿಸಲಾಗುವುದಿಲ್ಲ. ಅದಕ್ಕೇ ಎಲ್ಲೋ ದೂರದ ದೊಡ್ಡ ಕಂಪ್ಯೂಟರುಗಳಲ್ಲಿ ಬಾಡಿಗೆಗೆ ಜಾಗ ಹಿಡಿದು ಅಲ್ಲಿ ಇಡುತ್ತೇವೆ. ಕ್ಲೌಡ್ ಎನ್ನುವುದು ಅದನ್ನೇ. ಒಂದೊಂದು ಊರಿಗೆ ಒಂದೊಂದು ಲಿಂಕು. ಅದನ್ನು ಒತ್ತಿದರೆ ರೈತ ತನ್ನ ಹೊಲದಲ್ಲಿ ನಿಂತೇ ಹೊಲವನ್ನು ಮೇಲಿನಿಂದ ನೋಡಬಹುದು. ತಾನು ನಿಂತ ಜಾಗ ನೀಲಿ ಚುಕ್ಕೆಯಾಗಿ ಚಿತ್ರದ ಮೇಲೆ ಕಾಣುತ್ತದೆ. ನಡೆದರೆ ಚುಕ್ಕೆಯೂ ನಡೆಯುತ್ತದೆ. ಊರಿನ ಜನರೆಲ್ಲ ನೋಡಲಿ ಎಂದೇ ಪಂಚಾಯಿತಿಗಳವರು ಈ ಕೆಲಸವನ್ನು ನಮಗೆ ವಹಿಸಿದ್ದರು.

ಸಾಹೇಬರು ಅದಕ್ಕೆ ಬೀಗ ಹಾಕಿದರು. ಲಿಂಕು ಒತ್ತಿದರೆ ಚಿತ್ರ ತೆರೆಯುತ್ತಿರಲಿಲ್ಲ. ಅನುಮತಿ ಕೇಳಿ ಎಂದು ಬರುತ್ತಿತ್ತು. ಕೇಳಿದರೆ ಆ ಕೋರಿಕೆ ಸೀದಾ ಸಾಹೇಬರ ಫೋನಿಗೆ ಹೋಗುತ್ತಿತ್ತು. ಅವರು ಫೋನನ್ನು ಮಾರುದೂರ ಹಿಡಿದು, ಕನ್ನಡಕ ಹಣೆಗೇರಿಸಿ, ಹೆಸರು ಓದಿ, ಕಿರುಬೆರಳಿನಿಂದ ಅದನ್ನು ಪಕ್ಕಕ್ಕೆ ತಳ್ಳುತ್ತಿದ್ದರು. ಊಟದೆಲೆಯಿಂದ ಕರಿಬೇವನ್ನು ಸರಿಸುವ ಹಾಗೆ. ಆಮೇಲೆ, "ಬರ್ಲಿ, ಬಂದ್ ಕೇಳ್ಲಿ" ಎನ್ನುತ್ತಿದ್ದರು.

ಬರುತ್ತಿದ್ದರು. ಹೊಲದ ಕೆಲಸ ಬಿಟ್ಟು ಬಸ್ಸಿನಲ್ಲಿ, ಬೈಕಿನಲ್ಲಿ ಬಂದು ಮೆಟ್ಟಿಲು ಹತ್ತಿ ಅವರ ಮೇಜಿನ ಮುಂದೆ ನಿಲ್ಲುತ್ತಿದ್ದರು. ಕುರ್ಚಿಗಳಿದ್ದವು, ಆದರೆ ಅವುಗಳ ಮೇಲೆ ಫೈಲು ಪೇರಿಸಿರುತ್ತಿದ್ದರು. "ಯಾವೂರು? ಯಾರ್ ಮಗ? ಏನಕ್ಕೆ?" ಈ ಮೂರು ಪ್ರಶ್ನೆಗಳಾದ ಮೇಲೆ, "ಆಯ್ತು, ಮುಂದಿನ್ ವಾರ ಬಾ." ಕೊಡುವುದಿಲ್ಲ ಎಂದು ಒಮ್ಮೆಯೂ ಹೇಳಿದವರಲ್ಲ. ಕೊಡುವುದಿಲ್ಲ ಎಂದಿದ್ದರೆ ಜಗಳವಾಡಬಹುದಿತ್ತು, ಮೇಲಿನವರಿಗೆ ದೂರು ಕೊಡಬಹುದಿತ್ತು. ಮುಂದಿನ ವಾರ ಎನ್ನುವವರ ಮೇಲೆ ಏನೆಂದು ದೂರುವುದು?

ಬಡವ ಬಲ್ಲಿದ ಎಂಬ ಭೇದ ಅವರಿಗಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಎಲ್ಲರನ್ನೂ ಒಂದೇ ಸಮ ಕಾಯಿಸುತ್ತಿದ್ದರು. ನಮ್ಮ ಕೋಣೆಯ ಕೆಳಗಿನ ಮಂಡಿ ಮಾಲೀಕ, ಲಾರಿಗಟ್ಟಲೆ ಈರುಳ್ಳಿ ಕೇರಳಕ್ಕೆ ಕಳಿಸುವವನು, ಯಾವ ಕಡೆ ಎಷ್ಟು ಬಿತ್ತನೆಯಾಗಿದೆ ಎಂದು ನೋಡಲು ಕೇಳಿಕೊಂಡ. ಅವನನ್ನೂ ಮೆಟ್ಟಿಲು ಹತ್ತಿಸಿ ಇಳಿಸಿದರು. ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಿದ್ದ ಮಲೆಯಾಳಿ ಒಬ್ಬ, ಹೊಲದ ನೀರು ಹೊರಗೆ ಹರಿಸಲು ತಗ್ಗು ಎಲ್ಲಿದೆ ನೋಡಬೇಕೆಂದು ಬಂದು, "ಸಾರೇ, ಸ್ವಲ್ಪ ಬೇಗ ನೋಡಿ ಸಾರೇ, ಮಳೆ ಬಂದ್ರೆ ನಂದು ಕಥೆ ಕಳಿಞ್ಞು" ಎಂದು ಕೈಮುಗಿದ. ಮಳೆಯೂ ಬಂತು, ಅವನ ಕಥೆಯೂ ಮುಗಿಯಿತು. ಅನುಮತಿ ಆಮೇಲೆ ಬಂತು.

"ಯಾಕ್ ಸಾರ್ ಇಷ್ಟು ಸತಾಯಿಸ್ತೀರಿ?" ಎಂದು ನಾನು ಕೇಳಿಯೇ ಇದ್ದೇನೆ.

"ಸುಮ್ನೆ ಕೊಟ್ರೆ ನೋಡಕ್ಕಿಲ್ಲ ಕಣಮ್ಮಿ ಈ ಜನ. ನಾಲ್ಕ್ ಸಲ ತಿರುಗ್ಲಿ, ಆಗ ಗೊತ್ತಾಯ್ತದೆ ಇದು ಏನು ಅಂತ."

ಒಮ್ಮೆ ನಮ್ಮ ಉಮ್ಮತ್ತೂರಿನ ನೀರುಗಂಟಿ ಕೆರೆಯ ಕಾಲುವೆ ಎಲ್ಲಿ ಒಡೆದಿದೆ ನೋಡಬೇಕು ಎಂದಾಗ ನಾನೇ ನನ್ನ ಕಂಪ್ಯೂಟರಿನಿಂದ ಲಿಂಕು ತೆರೆದುಕೊಟ್ಟೆ. ಸಂಜೆಯೊಳಗೆ ಅವರಿಗೆ ಗೊತ್ತಾಯಿತು. ಬೈಯಲಿಲ್ಲ. ಎಲ್ಲರ ಮುಂದೆ ಕರೆದು, "ಏನಮ್ಮಿ, ಧರ್ಮಛತ್ರ ತೆಗ್ದಿದ್ದೀಯಾ?" ಎಂದು ನಕ್ಕರು. ಮಾರನೆಯ ದಿನ ನಾನು ಲಾಗಿನ್ ಆದಾಗ ನನಗೆ ಚಿತ್ರ ಕೂಡಿಸುವ ಅಧಿಕಾರ ಮಾತ್ರ ಉಳಿದಿತ್ತು. ಕೂಡಿಸಿ ಅವರ ಕೈಗೆ ಕೊಟ್ಟರೆ ಮುಗಿಯಿತು. ಆಮೇಲೆ ಅದನ್ನು ನಾನೇ ತೆರೆದು ನೋಡುವಂತಿರಲಿಲ್ಲ. ನಾನು ಹೊಲಿದ ಬಟ್ಟೆಯನ್ನು ನಾನೇ ಮುಟ್ಟುವ ಹಾಗಿಲ್ಲ. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಕೆಲಸ ಬಲ್ಲವರು, ಅದನ್ನು ಇಲ್ಲ ಎನ್ನಲಾರೆ. ಹಾರಾಟದ ಹೊತ್ತಿನಲ್ಲಿ ಮೋಡದ ನೆರಳು ಬಿದ್ದಿದ್ದರೆ ಅಷ್ಟನ್ನೂ ತಿರಸ್ಕರಿಸಿ ಮತ್ತೆ ಹಾರಿಸುತ್ತಿದ್ದರು. ಎರಡು ಫೋಟೋ ಕೂಡುವಲ್ಲಿ ಒಂದು ಬದು ಕೂದಲೆಳೆಯಷ್ಟು ತಪ್ಪಿದ್ದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಮುಗಿದ ಚಿತ್ರವನ್ನು ಕ್ಲೌಡಿಗೆ ಏರಿಸುವ ಕೆಲಸವನ್ನು ಯಾರಿಗೂ ಬಿಡುತ್ತಿರಲಿಲ್ಲ. ರಾಹುಕಾಲ ಕಳೆದ ಮೇಲೆ, ಕೈಕಾಲು ತೊಳೆದು ಬಂದು, ಕಂಪ್ಯೂಟರಿಗೆ ವಿಭೂತಿ ಹಚ್ಚಿ, ತಾವೇ ಏರಿಸುತ್ತಿದ್ದರು.

ಅವರಿಗೆ ಎರಡು ನಿಯಮಗಳಿದ್ದವು. ಒಂದು, ಚಿತ್ರ ಏರಿದ ದಿನವೇ ಡ್ರೋನಿನ ಕಾರ್ಡು, ನಮ್ಮ ಕಂಪ್ಯೂಟರು ಎಲ್ಲ ಖಾಲಿಯಾಗಬೇಕು. ತಮ್ಮ ಬೀಗದಾಚೆ ಒಂದು ಪ್ರತಿಯೂ ಉಳಿಯಬಾರದು. ಇನ್ನೊಂದು, ಒಂದು ಊರಿಗೆ ಒಂದೇ ಚಿತ್ರ. ಆರು ತಿಂಗಳಿಗೊಮ್ಮೆ ಹೊಸದಾಗಿ ಹಾರಿಸಿದಾಗ ಹೊಸ ಚಿತ್ರ ಹಳೆಯದರ ಜಾಗದಲ್ಲೇ ಕೂರಬೇಕು, ಲಿಂಕು ಅದೇ ಇರಬೇಕು. ಹಳೆಯದನ್ನೂ ಇಟ್ಟುಕೊಳ್ಳೋಣ, ಹೋಲಿಸಿ ನೋಡಲಾದರೂ ಬೇಕಾಗುತ್ತದೆ ಎಂದು ನಾನು ಹೇಳಿದ್ದೆ. "ಹಳೇ ಪಂಚಾಂಗ ಯಾರಾರಾ ಮಡಿಕತ್ತಾರಾ? ಬಾಡಿಗೆ ನಿಮ್ಮಪ್ಪ ಕಟ್ಟಾನಾ?" ಎಂದರು. ಕ್ಲೌಡಿನ ಕಸದ ಬುಟ್ಟಿಯನ್ನೂ ಅವತ್ತವತ್ತೇ ಬರಿದು ಮಾಡುತ್ತಿದ್ದರು. ಮೇಜಿನ ಮೇಲೆ ಒಂದು ಗುಂಡುಪಿನ್ನು ಬಿದ್ದಿದ್ದರೂ ಸಹಿಸುವವರಲ್ಲ, ಇದನ್ನು ಸಹಿಸುತ್ತಾರೆಯೇ?

ಶಿವಮಲ್ಲಮ್ಮ ಬಂದದ್ದು ಇಂಥವರ ಹತ್ತಿರ.

ಹರದನಹಳ್ಳಿಯವರು. ಮಗಳನ್ನು ನಮ್ಮ ಬೀದಿಗೆ ಕೊಟ್ಟಿದ್ದರಿಂದ ನನಗೆ ಪರಿಚಯ. ನಮ್ಮ ಕಡೆ ಲಿಂಗಾಯತರು ಸತ್ತವರನ್ನು ಸುಡುವುದಿಲ್ಲ. ಸ್ವಂತ ಹೊಲದಲ್ಲೇ ಮಣ್ಣು ಮಾಡಿ, ಮೇಲೆ ಗದ್ದಿಗೆ ಕಟ್ಟಿ, ವರ್ಷಕ್ಕೊಮ್ಮೆಯಾದರೂ ಪೂಜೆ ಮಾಡುತ್ತಾರೆ. ಶಿವಮಲ್ಲಮ್ಮನ ಗಂಡನನ್ನೂ ಹಾಗೇ ಮಾಡಿದ್ದರು. ಮಣ್ಣಿನ ಗದ್ದಿಗೆ, ಸುಣ್ಣ ಬಳಿದದ್ದು. ಆಮೇಲೆ ಭಾಗವಾದಾಗ ಆ ಹೊಲ ಮೈದುನನ ಪಾಲಿಗೆ ಬಂತು. ಗದ್ದಿಗೆಯನ್ನು ಮುಟ್ಟಬಾರದು ಎಂದು ಮಾತಾಗಿತ್ತು. ಈಕೆ ಮಗಳ ಬಾಣಂತನಕ್ಕೆ ಉಮ್ಮತ್ತೂರಿಗೆ ಬಂದಿದ್ದಾಗ ಮೈದುನ ಬಾಳೆ ಹಾಕಲು ಹೊಲ ಮಟ್ಟ ಮಾಡಿಸಿದ. ಅವನು ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ, ಹೊರ ಊರಿನ ಜೆಸಿಬಿ ಡ್ರೈವರು ಯಾವುದೋ ಮಣ್ಣು ದಿಬ್ಬ ಎಂದುಕೊಂಡು ಗದ್ದಿಗೆಯನ್ನೂ ಎಳೆದುಬಿಟ್ಟ. ಬದುಗಳು ಹೋದವು. ತಗ್ಗಿಗೆ ಸೊಂಟದುದ್ದ ಮಣ್ಣು ಬಿತ್ತು. ಈಕೆ ವಾಪಸ್ಸು ಹೋಗಿ ನೋಡಿದರೆ ಕಣ್ಣು ಹಾಯಿಸಿದಷ್ಟೂ ಮಟ್ಟವಾದ ಕೆಂಪು ಮಣ್ಣು.

ಇಲ್ಲೇ ಎಂದು ಈಕೆ, ಅಲ್ಲ ಅಲ್ಲಿ ಎಂದು ಮೈದುನನ ಹೆಂಡತಿ, ಅದಕ್ಕೂ ಆಚೆ ಎಂದು ಊರವರು. ಮೈದುನ ಕೆಟ್ಟವನಲ್ಲ. ಆಗಿದ್ದಕ್ಕೆ ಅವನಿಗೂ ಭಯವಾಗಿತ್ತು. "ಎಲ್ಲಿ ಅಂತ ಸರ್ಯಾಗ್ ತೋರ್ಸಿ ಅತ್ಗೆ, ಅಷ್ಟಗಲ ಬುಟ್ಟು ಗುಂಡಿ ತೆಗುಸ್ತೀನಿ. ಅಲ್ಲಿರ್ಬೋದು ಇಲ್ಲಿರ್ಬೋದು ಅಂದ್ರೆ ಎಷ್ಟೂಂತ ಬುಡನ?" ಎಂದ. ಬಾಳೆಗುಂಡಿ ತೆಗೆಯುವ ಆಳುಗಳಿಗೆ ಹೇಳಿಯಾಗಿತ್ತು. ಕೈಯಲ್ಲಿ ಹೆಚ್ಚು ದಿನವಿರಲಿಲ್ಲ.

ಎಲ್ಲರ ಫೋನಿನಲ್ಲೂ ಸಿಗುವ ಮ್ಯಾಪಿನಲ್ಲಿ ಮೊದಲು ನೋಡಿದೆವು. ಅದರಲ್ಲಿದ್ದದ್ದು ಆಕೆಯ ಗಂಡ ಬದುಕಿದ್ದ ಕಾಲದ ಹೊಲ. ಆದರೆ ನಾವು ಹಿಂದಿನ ಸಲ ಹಾರಿಸಿದ ಚಿತ್ರವನ್ನು ಕೂಡಿಸಿದವಳು ನಾನೇ. ಸುಣ್ಣ ಬಳಿದ ಗದ್ದಿಗೆ ಅದರಲ್ಲಿ ಕಾಣದೆ ಇರುವುದು ಸಾಧ್ಯವೇ ಇಲ್ಲ ಎಂದು ನನಗೆ ಗೊತ್ತಿತ್ತು. ಚಿತ್ರ ತೆರೆದುಕೊಂಡು, ನೀಲಿ ಚುಕ್ಕೆ ಬಿಳಿ ಚೌಕದ ಮೇಲೆ ಬರುವವರೆಗೆ ನಡೆದರೆ ಸಾಕು, ಅದೇ ಜಾಗ. ಮಗಳು ಲಿಂಕು ಒತ್ತಿ ಅನುಮತಿ ಕೇಳಿದಳು. ಸಾಹೇಬರ ಕಿರುಬೆರಳು ತನ್ನ ಕೆಲಸ ಮಾಡಿತು.

ಶಿವಮಲ್ಲಮ್ಮ ಬಸ್ಸು ಹತ್ತಿ ಬಂದರು. ಸೆರಗನ್ನು ಹೊದ್ದು ಮೇಜಿನ ಮುಂದೆ ನಿಂತರು.

"ಯಾವೂರಮ್ಮ?"

"ಅರದನಳ್ಳಿ ಸಾ. ನಮ್ಮೆಜಮಾನ್ರು ಗದ್ಗೆ ಎಲ್ಲದೆ ಅಂತ ನೋಡ್ಬೇಕಿತ್ತು."

"ಯಾರ ಮನೆಯೋರು? ಹೊಲ ಯಾರ ಹೆಸರಲ್ಲಿದೆ?"

"ಮೈದ್ನನ ಎಸ್ರಲ್ಲಿ ಸಾ."

"ಹಂಗಾದ್ರೆ ಮೈದ್ನ ಬರ್ಬೇಕು."

ಮೈದುನನನ್ನು ಕರೆದುಕೊಂಡು ಬಂದರು. ಅವತ್ತು ಸಾಹೇಬರು, "ಇಬ್ಬರೂ ಒಪ್ಪಿದ್ದೀರಲ್ಲ, ಸರಿ, ನೋಡನ, ಮುಂದಿನ್ ವಾರ ಬನ್ನಿ" ಎಂದರು. ನಾನು ಎದ್ದು ಹೋಗಿ, ಇದು ಹೆಣದ ಜಾಗದ ವಿಷಯ ಸಾರ್, ಗುಂಡಿ ತೆಗೆಯುವವರು ಬಂದರೆ ಯಾರದೋ ಹಾರೆ ಹೋಗಿ ಅವರ ಗಂಡನ ಮೇಲೆ ಬೀಳುತ್ತದೆ ಎಂದು ಮುಖದ ಮೇಲೆ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ನಾನೇನು ಇಲ್ಲ ಅಂದ್ನೇ?" ಎಂದರು. ಆಳುಗಳನ್ನು ಒಂದು ವಾರ ತಡೆಯಲು ಮೈದುನ ಒಪ್ಪಿಕೊಂಡ. ಬೇರೆ ಯಾರಾಗಿದ್ದರೂ ಒಪ್ಪುತ್ತಿರಲಿಲ್ಲ.

ಆ ವಾರ ನನ್ನನ್ನು ಗುಂಡ್ಲುಪೇಟೆ ಕಡೆಯ ಹಾರಾಟಕ್ಕೆ ಹಾಕಿದ್ದರು. ವಾಪಸ್ಸು ಬಂದ ದಿನ ಶಿವಮಲ್ಲಮ್ಮ ಆಫೀಸಿನಲ್ಲಿದ್ದರು. ಸಾಹೇಬರು ಅವತ್ತು ಒಳ್ಳೆಯ ಗೆಲುವಿನಲ್ಲಿದ್ದರು. ಕುರ್ಚಿಯ ಮೇಲಿನ ಫೈಲು ತೆಗೆಸಿ ಆಕೆಯನ್ನು ಕೂರಿಸಿದರು. ಎಲ್ಲರಿಗೂ ಕಾಣುವಂತೆ ಫೋನು ಎತ್ತಿ ಹಿಡಿದು, ಹೆಬ್ಬೆರಳಿನಿಂದ ಒತ್ತಿ, "ತಗೋಮ್ಮ, ಕೊಟ್ಟಿದೀನಿ. ಹೋಗಿ ನಿಮ್ಮ ಯಜಮಾನ್ರನ್ನ ನೋಡ್ಕೊ" ಎಂದರು. ಶಿವಮಲ್ಲಮ್ಮ ಎದ್ದು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಸಾಹೇಬರು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಾನೂ ಹೊಲಕ್ಕೆ ಹೋದೆ. ಮೈದುನ ಗೂಟ, ಹಗ್ಗ, ಒಂದು ಬುಟ್ಟಿ ಸುಣ್ಣ ತಂದು ಇಟ್ಟಿದ್ದ. ಶಿವಮಲ್ಲಮ್ಮ ತಲೆಗೆ ನೀರು ಹಾಕಿಕೊಂಡು ಹೂವು, ವಿಭೂತಿ, ತೆಂಗಿನಕಾಯಿ ಹಿಡಿದು ಬಂದಿದ್ದರು. ಅನುಮತಿ ಸಿಕ್ಕಿದ್ದ ಮಗಳ ಫೋನನ್ನೂ ತಂದಿದ್ದರು, ಅದರಲ್ಲಿ ನಾನು ಲಿಂಕು ತೆರೆದೆ. ಚಿತ್ರ ಬಿಚ್ಚಿಕೊಂಡಿತು. ಎಂಥ ಸೊಗಸಾದ ಚಿತ್ರ! ಜೆಸಿಬಿಯ ಚಕ್ರದ ಹಲ್ಲುಗಳ ಗುರುತು ಸಹ ಎಣಿಸುವ ಹಾಗಿತ್ತು. ನೀಲಿ ಚುಕ್ಕೆ ಮಟ್ಟವಾದ ಕೆಂಪು ಮಣ್ಣಿನ ನಡುವೆ ನಿಂತಿತ್ತು. ಬದು ಇಲ್ಲ. ಗದ್ದಿಗೆ ಇಲ್ಲ.

"ಎಲ್ಲದೆ ತೋರ್ಸವ್ವ" ಎಂದರು ಶಿವಮಲ್ಲಮ್ಮ.

ಮೈದುನ ಬಗ್ಗಿ ನೋಡಿದ. "ಇದು ಈಗಿಂದಲ್ವಾ? ಜೆಸಿಬಿ ಒಡ್ದಾದ್ಮೇಲಿಂದು."

ನನ್ನ ಫೋನು ತೆಗೆದೆ. ಸಾಹೇಬರಿಗೆ ಫೋನು ಮಾಡಿದೆ. ಅಲ್ಲಿದ್ದವರೆಲ್ಲ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ.

"ಸಾರ್, ಹರದನಹಳ್ಳಿಯ ಹಳೇ ಚಿತ್ರ ಎಲ್ಲಿ?"

"ಹಳೇದ್ಯಾಕಮ್ಮಿ? ಮೊನ್ನೆ ಬುಧವಾರ, ನೀನು ಗುಂಡ್ಲುಪೇಟೇಲಿದ್ದಾಗ, ಹೊಸದು ಹಾಕ್ಬುಟ್ನಲ್ಲ. ಚೆನ್ನಾಗ್ ಬಂದದೆ ನೋಡು."

"ಹಳೇದು ಬೇಕು ಸಾರ್. ಗದ್ದಿಗೆ ಇರೋದು ಹಳೇದರಲ್ಲಿ."

ಅವರಿಗೆ ಅರ್ಥವಾದದ್ದು ಆಗಲೇ ಇರಬೇಕು. ಶಿವಮಲ್ಲಮ್ಮ ಅಷ್ಟು ಸಲ ಎದುರಿಗೆ ನಿಂತು ಹೇಳಿದ್ದರೂ, ಆಕೆ ಏನು ಕೇಳುತ್ತಿದ್ದಾರೆ ಎಂಬುದು ಅವರ ಕಿವಿಗೆ ಹೋಗಿರಲಿಲ್ಲ. ಆಕೆ ಕೇಳುತ್ತಿದ್ದಾರೆ ಎಂಬುದಷ್ಟೇ ಹೋಗಿತ್ತು.

"ಅದು ಹೋಯ್ತಲ್ಲಮ್ಮ" ಎಂದರು ಕೊನೆಗೆ. "ಎಲ್ಲಾ ಕ್ಲೀನ್ ಮಾಡ್ಬುಟ್ಟೆ."

ಶಿವಮಲ್ಲಮ್ಮ ನನ್ನ ಕೈಯಿಂದ ಫೋನು ತೆಗೆದುಕೊಂಡರು. ಬಾಯಿಗೆ ತೀರಾ ಹತ್ತಿರ ಹಿಡಿದು ಮೆಲ್ಲಗೆ ಕೇಳಿದರು.

"ಸಾ, ನಾನು ಮೊದ್ಲು ದಿಸ ಬಂದಾಗ ನಿಮ್ತವು ಇತ್ತಾ ಅದು?"

ಈ ಮನುಷ್ಯ ಈಗ ಸುಳ್ಳು ಹೇಳಲಿ ಎಂದು ಜೀವನದಲ್ಲಿ ಒಂದೇ ಸಲ ನಾನು ಬೇಡಿಕೊಂಡೆ. ಆಗಲೇ ಇರಲಿಲ್ಲಮ್ಮ ಎಂದುಬಿಟ್ಟಿದ್ದರೆ ಆಕೆ ಹಣೆಬರಹ ಎಂದು ತಿಳಿದುಕೊಂಡು ಮನೆಗೆ ಹೋಗುತ್ತಿದ್ದರು.

"ಇತ್ತಮ್ಮ" ಎಂದರು.

ಶಿವಮಲ್ಲಮ್ಮ ಅಳಲಿಲ್ಲ, ಶಾಪ ಹಾಕಲಿಲ್ಲ. ಫೋನನ್ನು ಸೆರಗಿನಲ್ಲಿ ಒರೆಸಿ ನನಗೆ ವಾಪಸ್ಸು ಕೊಟ್ಟರು. ತೆಂಗಿನಕಾಯಿಯನ್ನು ಎಲ್ಲಿ ಒಡೆಯುವುದು ತಿಳಿಯದೆ ಹೊಲದ ಅಂಚಿನಲ್ಲಿ ಹಾಗೇ ಇಟ್ಟು ನಡೆದರು. ಮೈದುನ ಇನ್ನಷ್ಟು ದಿನ ಕಾದ. ಕ್ಲೌಡಿನ ಕಂಪನಿಯವರನ್ನು ನಾನು ಕಾಡಿ ಬೇಡಿ ಕೇಳಿದೆ. ಬುಟ್ಟಿ ಬರಿದು ಮಾಡಿದ್ದು ನಿಮ್ಮವರೇ, ನಮ್ಮ ಬಳಿ ಏನೂ ಇಲ್ಲ ಎಂದರು. ಆಮೇಲೆ ಆಳುಗಳು ಬಂದರು. ಸಾಲಾಗಿ ಗುಂಡಿ ತೆಗೆದು ಬಾಳೆ ನೆಟ್ಟರು.

ಸಾಹೇಬರು ಆ ವಿಷಯ ಮತ್ತೆ ಎತ್ತಲಿಲ್ಲ. ಇನ್ನು ಮೇಲೆ ಹಳೆಯ ಚಿತ್ರಗಳನ್ನು ಅಳಿಸಬಾರದು ಎಂದು ಮುಂದಿನ ವಾರ ಹೇಳಿದರು, ಅದೂ ಗೋಡೆ ನೋಡಿಕೊಂಡು. ಅವರಿಗೂ ಚುಚ್ಚಿರಬೇಕು ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಇರಬಹುದು. ಬೀಗವನ್ನಂತೂ ತೆಗೆಯಲಿಲ್ಲ. ನಿವೃತ್ತಿಯ ದಿನದವರೆಗೂ ಜನ ಮೆಟ್ಟಿಲು ಹತ್ತುತ್ತಲೇ ಇದ್ದರು. ಹಾಗಾಗಿ ಅವರಿಗೆ ಚುಚ್ಚಿತೋ ಬಿಟ್ಟಿತೋ ನನಗೆ ಬೇಕಾಗಿಲ್ಲ. ಶಾಲು ಹೊದಿಸುವಾಗ ಯಾರೋ ಅವರನ್ನು ಊರುಗಳ ಚಿತ್ರಗಳನ್ನು ಕಣ್ಣಿನ ರೆಪ್ಪೆಯಂತೆ ಕಾಪಾಡಿದವರು ಎಂದರು. ಅವರು ತಲೆ ತಗ್ಗಿಸಿದರು. ವಿನಯ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

ಬೀಳ್ಕೊಡುಗೆಯಾದ ಮೇಲೆ ಒಂದು ದಿನ ಹರದನಹಳ್ಳಿ ಕಡೆ ಹೋಗಿದ್ದೆ. ಬಾಳೆ ಎದೆಯುದ್ದ ಬಂದಿದೆ. ಶಿವಮಲ್ಲಮ್ಮ ಮೈದುನನ ತೋಟದಲ್ಲಿ ಕಳೆ ಕೀಳುತ್ತಿದ್ದರು. ಅವರ ಚಪ್ಪಲಿ ತೋಟದ ಹೊರಗೆ ರಸ್ತೆಯ ಪಕ್ಕದಲ್ಲಿತ್ತು. ಮುಳ್ಳು ಹೊಕ್ಕು ಒಂದು ಹಿಮ್ಮಡಿ ಊದಿಕೊಂಡಿತ್ತು, ಅರಿಶಿನ ಹಚ್ಚಿ ಬಟ್ಟೆ ಸುತ್ತಿದ್ದರು.

"ಹಿಂಗಿರುವಾಗ ಚಪ್ಪಲಿ ಹಾಕ್ಕೊಂಡು ಬರಬಾರದಾ ಅವ್ವಾ?" ಎಂದೆ.

"ಎಂಗವ್ವ ಆಕ್ಕೊಳದು?" ಎಂದರು, ಕುಡುಗೋಲು ನಿಲ್ಲಿಸದೆ. "ಎಲ್ಲವ್ರೆ ಅಂತ ಗೊತ್ತಿದ್ರೆ ಅಷ್ಟ್ ಜಾಗ ಬುಟ್ಟು ಮೆಟ್ಕೊಂಡ್ ಓಡಾಡ್ಬೋದಿತ್ತು. ಈಗ ಯಾವ್ ಮಣ್ಣ ತುಳುದ್ರೂ ಅವ್ರ ಮ್ಯಾಲೇ ಕಾಲಿಕ್ದಂಗಾಯ್ತದೆ."